ಸ್ಯಾಟರ್ನ್ 5 ಮಾದರಿಗೆ ಮ್ಯಾಟ್ ಸ್ಪ್ರೇ: ಕಪ್ಪು ಪಟ್ಟಿ ಬೂದು ಬಣ್ಣಕ್ಕೆ ತಿರುಗಿತು

ಪ್ರಶ್ನೆ:
ಮೊನ್ನೆ ಮಳೆ ನಿಂತ ಅರ್ಧ ಗಂಟೆಗೆ, ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ, ಹಾರಿಸಲೆಂದು ಕಟ್ಟಿದ 1/100 ಅಳತೆಯ ಸ್ಯಾಟರ್ನ್ 5 (ಅಪೊಲೊ ಚಂದ್ರಯಾನದ್ದು) ಮಾದರಿ ರಾಕೆಟ್‌ಗೆ ಮ್ಯಾಟ್ ಕ್ಲಿಯರ್ (ಹೊಳಪಿಲ್ಲದ ಪಾರದರ್ಶಕ ಸ್ಪ್ರೇ) ಹೊಡೆದೆ. ಬಿಳಿ ಭಾಗ ಚೆನ್ನಾಗಿಯೇ ಇದೆ. ಕಪ್ಪು ಪಟ್ಟಿಗಳ ಮೇಲೆ ಮಾತ್ರ ವಿಭೂತಿ ಬಳಿದಂತೆ ಪೊರೆ. ಮೂರು ವಾರಗಳ ಕೆಲಸ! ಕೆರೆದು ತೆಗೆಯದೆ ಉಳಿಸಿಕೊಳ್ಳಬಹುದೇ?

ಉತ್ತರ 1:
ತೇವದ ಕೆಲಸ ಇದು. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ನೀರಾವಿ ಅಲ್ಲೇ ಹನಿಗಟ್ಟಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಬಿಸಿಲಿರುವ ಒಣ ದಿನ ಅದೇ ಕಂಪನಿಯ ಗ್ಲಾಸ್ ಕ್ಲಿಯರ್ (ಹೊಳಪಿನ ಪಾರದರ್ಶಕ ಸ್ಪ್ರೇ) ಅನ್ನು ತೆಳುವಾಗಿ ಹೊಡೆದು ನೋಡಿ, ಎಷ್ಟೋ ಸಲ ಪೊರೆ ಕರಗುತ್ತದೆ. ಮೊದಲು ಹಾಳು ತುಂಡೊಂದರ ಮೇಲೆ ಪರೀಕ್ಷಿಸಿ.

ಉತ್ತರ 2:
ಡಬ್ಬಿಯನ್ನು ಎಷ್ಟು ಹೊತ್ತು ಅಲುಗಾಡಿಸಿದಿರಿ? ಹೊಳಪು ತಗ್ಗಿಸುವ ಪುಡಿ ತಳದಲ್ಲಿ ಕೂತಿರುತ್ತದೆ. ಒಳಗಿನ ಗುಂಡು ಸದ್ದು ಮಾಡಲಾರಂಭಿಸಿದ ಮೇಲೂ ಪೂರ್ತಿ ಎರಡು ನಿಮಿಷ ಬೇಕು. ನನ್ನ ಕೈ ಸೋತು ಮೂವತ್ತು ಸೆಕೆಂಡಿಗೆ ನಿಲ್ಲಿಸಿದ್ದಕ್ಕೆ ರೆಕ್ಕೆಯೊಂದು ಹಿಟ್ಟಿನಲ್ಲಿ ಹೊರಳಿದಂತಾಗಿತ್ತು.
ಅಂದ ಹಾಗೆ, ಹಾರಿಸುವ ರಾಕೆಟ್‌ಗೆ ಮ್ಯಾಟ್ ಏಕೆ? ಮೋಟರಿನ ಮಸಿ ಅದರ ಮೇಲೆ ಹತ್ತಿದರೆ ಬಿಡುವುದಿಲ್ಲ. ಸೆಮಿ ಗ್ಲಾಸ್ (ಅರೆ ಹೊಳಪಿನದು) ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪ್ರಶ್ನೆ ಕೇಳಿದವರು:
ಪೂರ್ತಿ ಹೊಳೆದರೆ ಆಟಿಕೆಯಂತೆ ಕಾಣುತ್ತದೆ ಎಂದು ಮ್ಯಾಟ್ ಆರಿಸಿದ್ದೆ. ಇಂದು ಮಧ್ಯಾಹ್ನ ಗ್ಲಾಸ್ ಹೊಡೆದೆ. ಮುಕ್ಕಾಲು ಪಾಲು ಪೊರೆ ಹೋಗಿದೆ. ಉಳಿದದ್ದು ರೆಕ್ಕೆಯ ಸಂದಿಯಲ್ಲಿದೆ. ಅದರ ಮೇಲೆ ಸೆಮಿ ಗ್ಲಾಸ್, ನಾಳೆ ಮೋಡವಿಲ್ಲದಿದ್ದರೆ.