‘ಆರೈಕೆದಾರ’ ಬೇಡವಂತೆ, ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಅಪ್ಪನಿಗೆ ಲಕ್ವ ಹೊಡೆದು ಎಂಟು ತಿಂಗಳಾಯಿತು. ಶಿವಮೊಗ್ಗದ ಮನೆಯಲ್ಲಿ ಅಮ್ಮನೇ ನೋಡಿಕೊಳ್ಳುತ್ತಿದ್ದಾರೆ. ಬಂದವರೆಲ್ಲ ಹೊರಡುವಾಗ ‘ಏನಾದ್ರೂ ಬೇಕಿದ್ರೆ ಹೇಳಿ’ ಅನ್ನುತ್ತಾರೆ. ಮನಸಾರೆ ಆಡುವ ಮಾತೇ. ಆದರೆ ಅಮ್ಮ ಒಮ್ಮೆಯೂ ಯಾರನ್ನೂ ಕೇಳಿಲ್ಲ. ಸಂಕೋಚ.

ಈ ಸಂಕೋಚ ತಪ್ಪಿಸುವ ಜಾಲತಾಣಗಳು, ಆ್ಯಪ್‌ಗಳಿವೆ. ಅಮೆರಿಕದಲ್ಲಿ ಕೇರಿಂಗ್‌ಬ್ರಿಡ್ಜ್ ಅನ್ನುವ ಜಾಲತಾಣ 1997ರಲ್ಲೇ ಶುರುವಾಯಿತು. ಕಾಯಿಲೆಯವರ ಸುದ್ದಿ ಅಲ್ಲಿ ಒಮ್ಮೆ ಬರೆದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಲಾಟ್ಸಾ ಹೆಲ್ಪಿಂಗ್ ಹ್ಯಾಂಡ್ಸ್‌ನಲ್ಲಿ ಕ್ಯಾಲೆಂಡರೇ ಇದೆ. ಯಾವ ದಿನ ಊಟ ಬೇಕು, ಯಾವ ದಿನ ಆಸ್ಪತ್ರೆಗೆ ಕಾರು ಬೇಕು ಅಂತ ಬರೆದಿಟ್ಟರೆ ಗೆಳೆಯರು ತಮಗೆ ಆಗುವುದನ್ನು ಆರಿಸಿಕೊಳ್ಳುತ್ತಾರೆ. ನಾನೂ ಅದೇ ರೀತಿ ಗೂಗಲ್ ಶೀಟ್‌ನಲ್ಲಿ ಕನ್ನಡದ ಪಟ್ಟಿ ಮಾಡಿ ಅಮ್ಮನ ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಲು ಹೊರಟೆ.

ಮೊದಲ ಸಾಲಿನಲ್ಲಿ ‘ಆರೈಕೆದಾರರು’ ಅಂತ ಬರೆದು ಮುಂದೆ ಅಮ್ಮನ ಹೆಸರು ಹಾಕಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿದರು. ‘ಗುತ್ತಿಗೆದಾರರು ಅಂದ ಹಾಗಿದೆಯಲ್ಲೋ. ನಾನು ಅವರ ಹೆಂಡತಿ’ ಅಂದರು.

ಅವರು ಹೇಳಿದ್ದು ಸರಿ ಅನಿಸಿತು. ಗುತ್ತಿಗೆದಾರ, ಪಾಲುದಾರ, ಜಮೀನ್ದಾರ – ‘ದಾರ’ ಬಂದಲ್ಲೆಲ್ಲ ಒಂದು ವ್ಯವಹಾರದ ವಾಸನೆ ಇದೆ. ‘ಆರೈಕೆ’ ಮಾತ್ರ ಚೆಂದದ ಪದ. ಹಳಗನ್ನಡದ ‘ಆರಯ್’ ಅಂದರೆ ಗಮನವಿಟ್ಟು ನೋಡು, ವಿಚಾರಿಸು. ಇವತ್ತಿನ ‘ನೋಡಿಕೊಳ್ಳು’ ಕೂಡ ಅದೇ ದಾರಿಯಲ್ಲಿ ಬಂದಿದೆ, ಅಲ್ವಾ? ಕಣ್ಣಿನಿಂದ ಶುರುವಾಗಿ ಕೈಗೆ ಬಂದ ಅರ್ಥ. ಆದರೆ ‘ನೋಡಿಕೊಳ್ಳುವವರು’ ಅಂದರೆ ಹೋಮ್ ನರ್ಸ್ ಕೂಡ ಆಗಬಹುದು, ಮಗಳೂ ಆಗಬಹುದು.

ಬಾಣಂತನ ನೋಡಿ. ‘ಅಮ್ಮ ನನ್ನ ಬಾಣಂತನ ಮಾಡಿದ್ರು’ ಅನ್ನುತ್ತೇವೆ. ಮಾಡಿದ ಕೆಲಸಕ್ಕೆ ಹೆಸರಿದೆ, ಮಾಡಿದವರಿಗೆ ಬೇರೆ ಹೆಸರಿಲ್ಲ. ಅವರು ಅಮ್ಮ, ಅಷ್ಟೆ. ಆಸ್ಪತ್ರೆಯಲ್ಲಿ ಕೂಗುವುದು ‘ಪೇಷಂಟ್ ಕಡೆಯವರು ಯಾರ್ರೀ?’ ಅಂತ. ನನಗೆ ಈ ‘ಕಡೆಯವರು’ ತುಂಬಾ ಹಿಡಿಸಿತು. ಆದರೆ ಬರೀ ನೋಡಲು ಬಂದ ನೆಂಟರೂ ಕಡೆಯವರೇ.

ಇನ್ನೊಂದು ಪದವೂ ಬೇಕಿತ್ತು, ಸರದಿಯಲ್ಲಿ ಬಂದು ಕೈಜೋಡಿಸುವ ಗೆಳತಿಯರಿಗೆ. ನಮ್ಮ ಮಲೆನಾಡಿನಲ್ಲಿ ಮುಯ್ಯಾಳು ಅನ್ನುತ್ತೇವೆ. ಇವತ್ತು ನಮ್ಮ ಗದ್ದೆಯ ನಾಟಿಗೆ ನೀವು, ನಾಳೆ ನಿಮ್ಮದಕ್ಕೆ ನಾವು. ಮೊದಲು ಇದೇ ಸರಿ ಅಂದುಕೊಂಡೆ. ಆದರೆ ಮುಯ್ಯಿ ತೀರಿಸಲೇಬೇಕಾದದ್ದು. ಆ ಪದ ಹಾಕಿದರೆ ಅಮ್ಮ ಬಂದ ಪ್ರತಿ ಸಾರಿನ ಪಾತ್ರೆಗೂ ಲೆಕ್ಕ ಇಡುತ್ತಾರೆ. ಅದಕ್ಕೇ ಸದ್ಯಕ್ಕೆ ‘ಪಾಳಿ’ ಅಂತ ಬರೆದಿದ್ದೇನೆ. ಕಾರ್ಖಾನೆ ನೆನಪಾದರೂ ಸಾಲದ ಭಾರ ಇಲ್ಲ. ‘ಒಪ್ಪಿಕೊಳ್ಳಿ’ ಅನ್ನುವ ಕಡೆ ‘ಇದು ನನಗಿರಲಿ’ ಅಂತ ಹಾಕಿದೆ. ಮೊದಲ ದಿನವೇ ಪಕ್ಕದ ಬೀದಿಯ ಅತ್ತೆಯೊಬ್ಬರು ಮಂಗಳವಾರದ ಊಟದ ಮುಂದೆ ಅದನ್ನೇ ಒತ್ತಿದರು.

ಅಮ್ಮನ ಹೆಸರಿನ ಮುಂದಿನ ಜಾಗ ಇನ್ನೂ ಖಾಲಿ ಇದೆ. ಕರಾವಳಿಯಲ್ಲಿ, ಧಾರವಾಡ ಕಡೆ, ಕಲಬುರಗಿ ಕಡೆ ಮನೆಯಲ್ಲೇ ಇದ್ದು ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರಿಗೆ ಏನಾದರೂ ಪದ ಇದೆಯೇ? ಅಜ್ಜಿಯಂದಿರ ಬಾಯಲ್ಲಿ ಕೇಳಿದ್ದಾದರೂ ಸರಿ, ದಯವಿಟ್ಟು ಬರೆಯಿರಿ.