ಕೆರೆ ಮೇಲುಗಡೆ ಮಲಕೆಸರು ಘಟಕ ಬರುತ್ತಿದೆ, ಒಪ್ಪಬೇಕೋ ಬೇಡವೋ?

ರಾಗಿಹೊಲ:
ನಮ್ಮದು ದಕ್ಷಿಣ ಪಿನಾಕಿನಿ ಕಡೆಗೆ ನೀರು ಹರಿಯುವ ಒಂದು ಸಣ್ಣ ಪಟ್ಟಣ. ಯುಜಿಡಿ, ಅಂದರೆ ಒಳಚರಂಡಿ ಇಲ್ಲ, ಮನೆಮನೆಗೂ ಶೌಚದ ಗುಂಡಿ. ತುಂಬಿದರೆ ಸಕ್ಕಿಂಗ್ ಟ್ಯಾಂಕರ್ ಬಂದು ಎಳೆದುಕೊಂಡು ಹೋಗುತ್ತದೆ. ಎಲ್ಲಿಗೆ ಅಂತ ನಾನೂ ಕೇಳಿದವನಲ್ಲ. ಹೋದ ಬೇಸಿಗೆ ನಸುಕಿನಲ್ಲಿ ಮೋಟಾರ್ ಹಾಕಲು ಹೊಲಕ್ಕೆ ಹೋದಾಗ ಕಂಡಿತು. ಲೈಟ್ ಆರಿಸಿಕೊಂಡು ಟ್ಯಾಂಕರ್ ನಿಂತಿತ್ತು, ಪೈಪು ಕೆರೆಗೆ ಹೋಗುವ ರಾಜಕಾಲುವೆಯಲ್ಲಿತ್ತು. ನಮ್ಮಜ್ಜಿ ಬೇಳೆ ಚೆನ್ನಾಗಿ ಬೇಯುತ್ತದೆ ಅಂತ ಆ ಕೆರೆ ನೀರನ್ನೇ ತರುತ್ತಿದ್ದರು. ಈಗ ಅಲ್ಲಿ ಎಮ್ಮೆಯನ್ನೂ ಇಳಿಸುವುದಿಲ್ಲ.

ಅದೇ ಕೆರೆಯ ಮೇಲುಗಡೆ ಈಗ ಮಲಕೆಸರು ಘಟಕ, ಅಂದರೆ ಗುಂಡಿಯಿಂದ ಎಳೆದ ಕೆಸರನ್ನು ಸಂಸ್ಕರಿಸುವ ಜಾಗ, ಕಟ್ಟುತ್ತಾರಂತೆ. ಊರಲ್ಲಿ ಯಾರಿಗೂ ಇಷ್ಟವಿಲ್ಲ. ದೇವನಹಳ್ಳಿಯ ಘಟಕ ನೋಡಿದವರು ಇದ್ದರೆ ಹೇಳಿ. ವಾಸನೆ ಬರುತ್ತಾ? ನಮ್ಮ ಕೆರೆ ಮತ್ತೆ ಕೆರೆ ಆಗುತ್ತಾ?

ಕಾಬಾಳೆ:
ನಾನು ನೋಡಿದ್ದೇನೆ. 2015ರಲ್ಲಿ ಶುರುವಾದದ್ದು. ಇಡೀ ಪಟ್ಟಣದ ಗುಂಡಿ ಕೆಸರಿಗೆ ಅಂತಲೇ ಕಟ್ಟಿದ ಘಟಕ ದೇಶದಲ್ಲಿ ಅದೇ ಮೊದಲು. ದಿನಕ್ಕೆ 6 ಸಾವಿರ ಲೀಟರ್ ಹಿಡಿಸುತ್ತದೆ, ಅಂದರೆ ಎರಡು ಸಣ್ಣ ಟ್ಯಾಂಕರ್.

ಜಾಗ ಇಳಿಜಾರಾಗಿ ಇರುವುದರಿಂದ ಕೆಸರು ತಾನಾಗಿಯೇ ತೊಟ್ಟಿಯಿಂದ ತೊಟ್ಟಿಗೆ ಇಳಿಯುತ್ತದೆ. ಕರೆಂಟ್ ಹೋದರೆ ಕೆಲಸ ನಿಲ್ಲುವುದಿಲ್ಲ, ಸಣ್ಣ ಊರಿಗೆ ಇದು ದೊಡ್ಡ ಅನುಕೂಲ ಅಲ್ವಾ? ಮೊದಲು ಜಾಲರಿಯಲ್ಲಿ ಪ್ಲಾಸ್ಟಿಕ್, ಬಟ್ಟೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ಮುಚ್ಚಿದ ತೊಟ್ಟಿಯಲ್ಲಿ ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೆಸರನ್ನು ಕರಗಿಸುತ್ತವೆ. ಉಳಿದದ್ದು ಮರಳಿನ ಹಾಸಿನ ಮೇಲೆ ಒಣಗುತ್ತದೆ. ಸೋರಿದ ನೀರು ಗಿಡ ನೆಟ್ಟ ಜಲ್ಲಿಯ ಮೂಲಕ ಹಾದು ಹೋಗುತ್ತದೆ. ಟ್ಯಾಂಕರ್ ಸುರಿಯುವಾಗ ವಾಸನೆ ಇದ್ದೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಒಣಗುವ ಹಾಸಿನ ಪಕ್ಕ ನಿಂತಾಗ ನನಗೆ ಅಷ್ಟೇನೂ ಬರಲಿಲ್ಲ.

ತಿಪ್ಪೆಗೊಬ್ಬರ:
ಒಣಗಿದ ಕೆಸರನ್ನು ಹಾಗೇ ಹೊಲಕ್ಕೆ ಸುರಿಯಬೇಡಿ. ಜಂತುಹುಳದ ಮೊಟ್ಟೆ ಸುಲಭಕ್ಕೆ ಸಾಯುವುದಿಲ್ಲ. ದೇವನಹಳ್ಳಿಯಲ್ಲಿ ಅದನ್ನು ಊರಿನ ಹಸಿ ಕಸದ ಜೊತೆ ಸೇರಿಸಿ ಕೊಳೆಸುತ್ತಾರೆ. ರಾಶಿ ಒಳಗೆ ಕೈ ಇಡಲಾಗದಷ್ಟು ಬಿಸಿಯಾಗಬೇಕು, 55 ಡಿಗ್ರಿ ದಾಟಿ ಕೆಲವು ದಿನ ಹಾಗೇ ನಿಲ್ಲಬೇಕು. ಆಗ ಅದು ಗೊಬ್ಬರ.

ಕೋಡಿನೀರು:
ಘಟಕ ಬರಲಿ, ಬೇಡ ಅನ್ನಬೇಡಿ. ಆದರೆ ಅದೊಂದೇ ನಿಮ್ಮ ಕೆರೆಯನ್ನು ಉಳಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಬ್ಬರು ದಿನಕ್ಕೆ 100 ಲೀಟರ್ ನೀರು ಬಳಸಿದರೆ 80 ಲೀಟರ್ ಕೊಳಚೆಯಾಗಿ ಹೊರಗೆ ಬರುತ್ತದೆ. 30 ಸಾವಿರ ಜನರಿಗೆ 24 ಲಕ್ಷ ಲೀಟರ್! ಇದರಲ್ಲಿ ಬಚ್ಚಲು, ಅಡುಗೆಮನೆ, ಬಟ್ಟೆ ಒಗೆದ ನೀರೇ ಜಾಸ್ತಿ. ಅದು ಗುಂಡಿಗೆ ಹೋಗುವುದಿಲ್ಲ, ತೆರೆದ ಚರಂಡಿಯಲ್ಲಿ ನೇರ ಕೆರೆಗೆ ಬರುತ್ತದೆ. ಸೋಪಿನ ರಂಜಕ ತಿಂದು ಜೊಂಡು, ಅಂತರಗಂಗೆ ಬೆಳೆಯುವುದು ಅದರಿಂದಲೇ.

ನಮ್ಮ ಕಡೆ ನದಿ ಅಂದರೆ ಕೆರೆಗಳ ಸರಪಳಿ. ಒಂದರ ಕೋಡಿ ಇನ್ನೊಂದಕ್ಕೆ. ನಂದಿ ಬೆಟ್ಟದ ಬುಡದಿಂದ ಹೊಸಕೋಟೆ ದಾಟಿ, ಗಡಿಯಾಚೆ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯವರೆಗೆ ಇದೇ ನೀರು. ಅಲ್ಲಿ ಏಳುವ ನೊರೆ ನೋಡಿದ್ದೇನೆ. ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು, ಆದರೂ ನಮ್ಮ ಬಚ್ಚಲ ನೀರೂ ಅಲ್ಲಿಗೇ ಸೇರುತ್ತದೆ.

ಹಾಗಾಗಿ ಚರಂಡಿ ಕೆರೆಗೆ ಸೇರುವ ಬಾಯಲ್ಲೇ ಕೊಳಚೆ ಸೋಸಲು ಜಲ್ಲಿ, ಗಿಡದ ಜೌಗು ಮಾಡಿಸಿ ಅಂತ ಕೇಳಿ. ಘಟಕದ ಜೊತೆಗೇ ಕೇಳಿ, ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ರಾಗಿಹೊಲ:
ತುಂಬಾ ಉಪಕಾರವಾಯಿತು. ಬಚ್ಚಲ ನೀರಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮ ಮನೆಯದೂ ಚರಂಡಿಗೇ ಹೋಗುತ್ತದೆ. ಭಾನುವಾರ ಸಭೆ ಇದೆ. ಘಟಕ ಬರಲಿ, ಆದರೆ ಪ್ರತಿ ಟ್ಯಾಂಕರ್ ಅಲ್ಲಿಗೇ ಬಂದಿದೆ ಅಂತ ಪುಸ್ತಕದಲ್ಲಿ ಬರೆಯಬೇಕು, ಆ ಪುಸ್ತಕ ಊರವರಿಗೆ ತೋರಿಸಬೇಕು ಅಂತ ಕೇಳುತ್ತೇನೆ. ಚರಂಡಿ ಬಾಯಿಯ ವಿಷಯವನ್ನೂ ಎತ್ತುತ್ತೇನೆ. ದೇವನಹಳ್ಳಿಗೆ ಒಂದು ವ್ಯಾನ್ ಮಾಡಿಕೊಂಡು ಹತ್ತು ಜನ ಹೋಗಿ ಬರೋಣ ಅಂತಿದ್ದೇವೆ. ಕಾಬಾಳೆಯವರೇ, ಟ್ಯಾಂಕರ್ ಸುರಿಯುವ ಹೊತ್ತಿಗೆ ಹೋದರೆ ಒಳ್ಳೆಯದಾ?