ಬಂಗುಡೆ ಫ್ರೈಗೆ ರೆಡ್ ವೈನ್ ಬೇಡ ಮಾರಾಯ್ರೆ

ಶೆಟ್ಟಿ: ಮಲ್ಪೆ ಗೆಟ್‌ಟುಗೆದರ್ ಲಿಸ್ಟ್ ಹಾಕಿದ್ದೇನೆ, ಎಲ್ರೂ ನೋಡಿ. ಕಾಣೆ ರವಾ ಫ್ರೈ, ಬಂಗುಡೆ ತವಾ ಫ್ರೈ, ಬೊಂಡಾಸ್ (ಸ್ಕ್ವಿಡ್), ಎಟ್ಟಿ (ಸಿಗಡಿ) ಘೀ ರೋಸ್ಟ್. ವೈನ್ ಆರು ಬಾಟ್ಲಿ ಕ್ಯಾಬರ್ನೆ ಶಿರಾಜ್. ಓಕೆ ಅಲ್ವಾ?

ರೀಟಾ: ಓಕೆ ಅಲ್ಲ. ಮೆನು ಪೂರ್ತಿ ಮೀನು, ಆರಕ್ಕಾರೂ ರೆಡ್ ಎಂತಕ್ಕೆ?

ಶೆಟ್ಟಿ: ವೈನ್ ಅಂದ್ರೆ ರೆಡ್ಡೇ ಮಾರಾಯ್ತಿ. ಘೀ ರೋಸ್ಟಿನ ಖಾರಕ್ಕೆ ಸ್ಟ್ರಾಂಗ್ ಬೇಡ್ವಾ?

ರೀಟಾ: ಅಲ್ಲೇ ಉಲ್ಟಾ ಆಗುದು. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಖಾರ ಇನ್ನೂ ಉರೀತದೆ, ಮೇಲಿಂದ ರೆಡ್ಡಿನ ಒಗರು ಬೇರೆ. ಬಂಗುಡೆ ಎಣ್ಣೆ ಇರುವ ಮೀನು, ಅದ್ರ ಮೇಲೆ ರೆಡ್ ಕುಡಿದ್ರೆ ಕಬ್ಬಿಣ ನೆಕ್ಕಿದ ಹಾಗೆ ಆಗ್ತದೆ. ಜಪಾನಿನವರು 2009ರಲ್ಲಿ ಒಣ ಸ್ಕಾಲಪ್ ಚಿಪ್ಪುಮೀನು ಇಟ್ಕೊಂಡು ಇದನ್ನೇ ಟೆಸ್ಟ್ ಮಾಡಿದ್ದಾರೆ, ವೈನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ರೆ ಮೀನಿನ ಕೆಟ್ಟ ವಾಸನೆ ಏಳ್ತದೆ, ರೆಡ್ಡಲ್ಲಿ ಸಾಮಾನ್ಯವಾಗಿ ಅದು ಜಾಸ್ತಿಯೇ.

ಕಾಮತ್: ನನ್ನ ಹತ್ರ ಓಕ್ ಬ್ಯಾರಲ್‌ನ ಶಾರ್ಡನೆ ವೈಟ್ ವೈನ್ ಒಂದುಂಟು, ತರ್ಲಾ?

ರೀಟಾ: ಅದನ್ನು ಬಟರ್ ಗಾರ್ಲಿಕ್ ಏಡಿ ಮಾಡುವ ದಿನಕ್ಕೆ ಇಟ್ಕೋ. ಫ್ರೈಗೆ ಬೇಕಾದ್ದು ಹುಳಿ ಮತ್ತೆ ಗುಳ್ಳೆ. ನಮ್ಮ ಮಸಾಲೆಯಲ್ಲೇ ಹುಣಸೆಹುಳಿ ಉಂಟಲ್ಲ, ವೈನಿನ ಹುಳಿ ಅದಕ್ಕಿಂತ ಕಮ್ಮಿ ಆದ್ರೆ ವೈನೇ ಸಪ್ಪೆ. ಕಾಣೆ ರವಾ ಫ್ರೈ ಬಿಸಿಬಿಸಿ ಮುರಿದ್ರೆ ಹೊರಗೆ ಗರಿಗರಿ ಒಳಗೆ ಬೆಳ್ಳಗೆ ಮೆತ್ತಗೆ, ತುಟಿಗೆಲ್ಲ ಎಣ್ಣೆ, ಆಗ ತಣ್ಣಗಿನ ಬ್ರೂಟ್ (ಸಿಹಿ ಕಮ್ಮಿಯ ಗುಳ್ಳೆ ವೈನ್) ಒಂದು ಗುಟುಕು ಹೋದ್ರೆ ಬಾಯಿ ಕ್ಲೀನ್, ಮುಂದಿನ ತುಂಡಿಗೂ ಅಷ್ಟೇ ರುಚಿ. ನಾಸಿಕದ ಸುಲಾ ಬ್ರೂಟ್ ಧಾರಾಳ ಸಾಕು. ಬಂಗುಡೆಗೂ ಘೀ ರೋಸ್ಟಿಗೂ ಶೆನಿನ್ ಬ್ಲಾಂಕ್ ಅನ್ನುವ ವೈಟ್ ವೈನ್, ಸ್ವಲ್ಪ ಸಿಹಿ ಇರುದೇ ತಾ, ಮೆಣಸಿನ ಖಾರವನ್ನು ಆ ಸಿಹಿಯೇ ಹಿಡಿಯುದು. ಬೊಂಡಾಸಿಗೆ ಸೋವಿನ್ಯಾನ್ ಬ್ಲಾಂಕ್, ಅದೂ ವೈಟೇ. ಸ್ಪೇನಲ್ಲಿ ಕಾದಿಸ್ ಕಡೆ ಸಮುದ್ರದ ಬದಿಯವರು ಹುರಿದ ಮೀನಿಗೆ ಕುಡಿಯುದು ಮಾಂಜಾನಿಯಾ, ಸಿಹಿಯೇ ಇಲ್ಲದ ತಣ್ಣಗಿನ ಶೆರ್ರಿ ವೈನ್ ಅದು.

ಶೆಟ್ಟಿ: ಈ ಸೆಕೆಗೆ ವೈಟ್ ಎಲ್ಲ ಅರ್ಧ ಗಂಟೆಯಲ್ಲಿ ಬಿಸಿ ಆಗ್ತದೆ. ರೆಡ್ ಆದ್ರೆ ಹಾಗೇ ಇಡ್ಬಹುದು.

ರೀಟಾ: ಹಾಗೇ ಇಟ್ರೆ ರೆಡ್ಡೂ ಹಾಳೇ, ಅದಕ್ಕೂ 16ರಿಂದ 18 ಡಿಗ್ರಿ ಬೇಕು. ಮಲ್ಪೆಯಲ್ಲಿ ಐಸಿಗೆ ಬರವಾ? ಬಕೆಟಲ್ಲಿ ಐಸು, ನೀರು, ಒಂದು ಮುಷ್ಟಿ ಉಪ್ಪು ಹಾಕಿ 20 ನಿಮಿಷ ಬಾಟ್ಲಿ ಮುಳುಗಿಸಿಡಿ. ಬರೀ ಐಸ್ ಹಾಕ್ಬೇಡಿ, ನೀರಿದ್ರೆ ಮಾತ್ರ ತಂಪು ಬಾಟ್ಲಿಯ ಸುತ್ತ ತಾಗುದು.

ಕಾಮತ್: ರೀಟಾ ಹೇಳುದು ಸರಿ ಉಂಟು. ಲಿಸ್ಟ್ ಚೇಂಜ್ ಮಾಡು ಶೆಟ್ಟಿ.

ಶೆಟ್ಟಿ: ಆಯ್ತು. 3 ಬ್ರೂಟ್, 2 ಶೆನಿನ್, 1 ಸೋವಿನ್ಯಾನ್. ಕೋರಿ (ಕೋಳಿ) ಸುಕ್ಕ ಕೂಡ ಹೇಳ್ತೇನೆ, ಅದಕ್ಕೆ ಒಂದು ರೆಡ್ ನನ್ನ ಲೆಕ್ಕದಲ್ಲಿ.

ರೀಟಾ: ಅದು ಆಗ್ತದೆ. ಬ್ರೂಟ್ ಹಿಂದಿನ ದಿನವೇ ಫ್ರಿಜ್ಜಿಗೆ ಹಾಕು, ಮರೀಬೇಡ.